ಎಸ್.ಪಿ. ರೋಡಿನ ಎರಡು ಬೆಳಕು

ಹತ್ತೂವರೆಯಾಗುತ್ತಿದ್ದಂತೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಷಟರುಗಳು ಒಂದೊಂದಾಗಿ ಸದ್ದು ಮಾಡುತ್ತಾ ಮೇಲೇಳುತ್ತವೆ. ಅಂಗಡಿ ಹುಡುಗ ಹೊಸ್ತಿಲಿಗೆ ನೀರು ಚಿಮುಕಿಸಿ, ಗಲ್ಲಾಪೆಟ್ಟಿಗೆಯ ಮೇಲಿನ ಲಕ್ಷ್ಮಿಯ ಪಟಕ್ಕೆ ಊದುಬತ್ತಿ ಹಚ್ಚಿ, ಕೊನೆಗೆ ಗಾಜಿನ ಕಪಾಟಿನ ಸ್ವಿಚ್ ಒತ್ತುತ್ತಾನೆ. ಬಿಳಿಯ ಎಲ್‌ಇಡಿ ಸಾಲು ಹತ್ತಿಕೊಂಡಿತೋ, ಒಳಗಿದ್ದ ಫೋನು, ಕೈಗಡಿಯಾರ, ಇಯರ್‌ಬಡ್ಸ್ ಡಬ್ಬಿ ಎಲ್ಲವೂ ಒಮ್ಮೆಗೇ ಮಿನುಗುತ್ತವೆ. ತಿಳಿ ನೇರಳೆ, ಸಮುದ್ರದ ಹಸಿರು, ಮುತ್ತಿನ ಬಿಳಿ. ಬೀದಿಯಲ್ಲಿ ತಲೆಯ ಮೇಲೆ ವೈರುಗಳ ಗೋಜಲು, ಕೆಳಗೆ ರಟ್ಟಿನ ಪೆಟ್ಟಿಗೆ ಹೇರಿಕೊಂಡ ತಳ್ಳುಗಾಡಿ, ನಡುವೆ ದಾರಿಗಾಗಿ ಹಾರ್ನ್ ಬಾರಿಸುವ ಸ್ಕೂಟರು. ಕಪಾಟಿನ ಒಳಗೆ ಮಾತ್ರ ಧೂಳಿಲ್ಲ, ಬೆವರಿಲ್ಲ, ಬೆರಳಚ್ಚಿಲ್ಲ. ಆ ಬೆಳಕಿನಲ್ಲಿ ಚೆನ್ನಾಗಿ ಕಾಣದ ವಸ್ತುವೇ ಇಲ್ಲ.

ಅದೇ ಸಾಲಿನಲ್ಲಿ ನಾಲ್ಕು ಅಂಗಡಿ ದಾಟಿ, ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕಾದಂಥ ಮೆಟ್ಟಿಲು ಹತ್ತಿದರೆ ಇನ್ನೊಂದು ಬೆಳಕು ಸಿಗುತ್ತದೆ. ಭೂತಗನ್ನಡಿ ಕೂರಿಸಿದ ಮೇಜಿನ ದೀಪ. ಅದರ ಕೆಳಗೆ ಬೆನ್ನು ತೆರೆದುಕೊಂಡು ಮಲಗಿದ ಫೋನು. ಪಕ್ಕದಲ್ಲಿ ಬಿಸಿಗಾಳಿ ಊದುವ ಬ್ಲೋವರ್, ಕೂದಲೆಳೆಯಂಥ ತುದಿಯ ಟ್ವೀಜರ್, ಕಣ್ಣಿಗೆ ಕಾಣದಷ್ಟು ಚಿಕ್ಕ ಸ್ಕ್ರೂಗಳು ಕಳೆದುಹೋಗದಂತೆ ಮ್ಯಾಗ್ನೆಟ್ ಹಾಳೆ. ಸುಟ್ಟ ರಾಳದ ವಾಸನೆ. ಗೋಡೆಗೆ ತೂಗುಹಾಕಿದ ಪ್ಲಾಸ್ಟಿಕ್ ಕವರುಗಳಲ್ಲಿ ಒಡೆದ ಡಿಸ್‌ಪ್ಲೇಗಳು, ಉಬ್ಬಿದ ಬ್ಯಾಟರಿಗಳು.

ಕೊಳ್ಳಲು ಬಂದವರೆಲ್ಲ ಕೆಳಗಿನ ಬೆಳಕಿನಲ್ಲೇ ತೀರ್ಮಾನ ಮಾಡಿ ಹೋಗುತ್ತಾರೆ. ಮೇಲಿನ ಬೆಳಕಿನ ಹತ್ತಿರ ಐದು ನಿಮಿಷ ನಿಂತು ಹೋದರೆ ಅವರ ಎಷ್ಟೋ ದುಡ್ಡು ಉಳಿಯುತ್ತದೆ, ಎಷ್ಟೋ ಬೇಸರ ತಪ್ಪುತ್ತದೆ ಎನ್ನುವುದು ಈ ಬೀದಿಯನ್ನು ಬಲ್ಲ ಯಾರಿಗಾದರೂ ಅನ್ನಿಸುವ ಮಾತು. ಹಾಗೆಂದು ಚೆಂದವನ್ನು ಬಯಸುವುದು ತಪ್ಪೆಂದು ನಾನು ಹೇಳಲಾರೆ. ಮೊದಲ ಸಂಬಳದಲ್ಲಿ ಫೋನು ಕೊಳ್ಳಲು ಬಂದ ಹುಡುಗ ಅದರ ಬೆನ್ನನ್ನು ಒಮ್ಮೆ ಸವರಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡುವಾಗ ಅವನ ಮುಖದಲ್ಲಿ ಕಾಣುವ ಸಂತೋಷ ನಿಜವಾದದ್ದು. ದಿನಕ್ಕೆ ನೂರು ಬಾರಿ ಕೈಗೆ ಬರುವ ವಸ್ತು ಕಣ್ಣಿಗೂ ಹಿತವಾಗಿರಲಿ ಎನ್ನುವ ಆಸೆಗೆ ಗೌರವ ಸಲ್ಲಬೇಕು.

ಶಿರಾ ಕಡೆಯಿಂದ ಬಂದ ತಾಯಿ-ಮಗಳು ಲ್ಯಾಪ್‌ಟಾಪ್ ಅಂಗಡಿಯ ಸ್ಟೂಲಿನ ಮೇಲೆ ಕುಳಿತಿದ್ದಾರೆ. ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ತಾಯಿಯ ತೊಡೆಯ ಮೇಲೆ ಜಿಪ್ ಹಾಕಿದ ಚೀಲ, ಅದರ ಮೇಲೆ ಎರಡೂ ಕೈ. ಮಗಳು ಅಂಗಡಿಯಲ್ಲೇ ಅತಿ ತೆಳ್ಳಗಿನ ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಎತ್ತಿ ತೋರಿಸುತ್ತಾಳೆ.

"ಅಮ್ಮಾ, ಎತ್ತಿ ನೋಡು, ತೂಕಾನೇ ಇಲ್ಲ."

"ಅದೇ ಕಣೇ ನಂಗೆ ಭಯ. ಕೆಳಗೆ ಬಿದ್ರೆ?"

ಸೇಲ್ಸ್ ಹುಡುಗ ಬಾಯಿ ತೆರೆಯುವಷ್ಟರಲ್ಲಿ ಗಲ್ಲಾದಲ್ಲಿ ಕೂತಿದ್ದ ಹಿರಿಯರು ಕನ್ನಡಕ ಏರಿಸಿ ಹುಡುಗಿಯನ್ನೇ ಕೇಳುತ್ತಾರೆ. "ಹಾಸ್ಟೆಲ್ಲಾ ಮಗಾ, ದಿನಾ ಓಡಾಟಾನಾ?"

"ದಿನಾ ಬಸ್ಸಲ್ಲೇ ಸರ್."

"ಕೂರೋಕೆ ಸೀಟ್ ಸಿಗುತ್ತಾ?"

ಹುಡುಗಿ ನಕ್ಕು ತಲೆಯಾಡಿಸುತ್ತಾಳೆ. ಹಿರಿಯರು ಪಕ್ಕದಲ್ಲಿದ್ದ ದಪ್ಪ ಗೇಮಿಂಗ್ ಲ್ಯಾಪ್‌ಟಾಪನ್ನು ಅಲ್ಲಿಂದ ತೆಗೆಸಿಬಿಡುತ್ತಾರೆ. ಅಂಥವು ಎರಡು ಕಿಲೋ ಮೀರುತ್ತವೆ, ಚಾರ್ಜರಿನ ಗಟ್ಟಿ ಡಬ್ಬಿ ಬೇರೆ. ನಿಂತುಕೊಂಡೇ ಪ್ರಯಾಣಿಸುವ ಹುಡುಗಿಯ ಹೆಗಲಿಗೆ ತೆಳ್ಳಗಿನದು ಷೋಕಿಯಲ್ಲ, ಅವಳ ಅಗತ್ಯ. ತಾಯಿಗೆ ಈ ಲೆಕ್ಕ ಹೊಳೆದದ್ದು ಆಗಲೇ. ಆದರೆ ಹಿರಿಯರ ಮಾತು ಮುಗಿದಿಲ್ಲ. "ಈ ತೆಳ್ಳಗಿನದಕ್ಕೆ ಆಮೇಲೆ ರ‍್ಯಾಮ್ ಹಾಕೋಕೆ ಬರಲ್ಲ. ಬೋರ್ಡಿಗೇ ಬೆಸೆದುಬಿಟ್ಟಿರ್ತಾರೆ. ನಾಲ್ಕು ವರ್ಷ ಓದಬೇಕಲ್ಲ ನೀನು. ಪ್ರೊಜೆಕ್ಟರಿಗೆ ಹಾಕೋ ಎಚ್‌ಡಿಎಂಐ ಕಿಂಡಿನೂ ಇಲ್ಲ, ಸೆಮಿನಾರ್ ದಿನ ಅಡಾಪ್ಟರ್ ಹುಡುಕ್ಕೊಂಡು ಓಡಾಡಬೇಕಾಗುತ್ತೆ."

ಈ ತೆಳುವಿನ ವ್ಯಾಮೋಹಕ್ಕೆ ಒಂದು ಹುಟ್ಟುದಿನವಿದೆ ಎನ್ನುವುದಾದರೆ ಅದು 2008ರ ಜನವರಿ. ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯ ಮೇಲೆ ಸ್ಟೀವ್ ಜಾಬ್ಸ್ ಕಚೇರಿಯ ಕಂದು ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಎಳೆದು ತೆಗೆದಾಗ ಸಭೆ ಬೆರಗಾಗಿತ್ತು. ತೂಕ 1.36 ಕಿಲೋ. ಅದಕ್ಕಾಗಿ ಸಿ.ಡಿ. ಡ್ರೈವ್ ಹೋಯಿತು, ನೆಟ್‌ವರ್ಕ್ ಕೇಬಲ್ಲಿನ ಕಿಂಡಿ ಹೋಯಿತು, ಉಳಿದದ್ದು ಒಂದೇ ಒಂದು ಯುಎಸ್‌ಬಿ. ಬ್ಯಾಟರಿಯನ್ನು ಬಳಕೆದಾರ ತೆಗೆಯುವಂತಿರಲಿಲ್ಲ. ಆಗ ಅದನ್ನು ಶ್ರೀಮಂತರ ಆಟಿಕೆ ಎಂದವರಿದ್ದರು. ಹತ್ತೇ ವರ್ಷದಲ್ಲಿ ಬಹುಪಾಲು ಲ್ಯಾಪ್‌ಟಾಪುಗಳು ಅದೇ ಹಾದಿ ಹಿಡಿದವು. ಇಂದಿನ ಷೋಕಿ ನಾಳಿನ ರೂಢಿಯಾಗುವುದು ಹೀಗೆಯೇ. ಆ ದಾರಿಯಲ್ಲಿ ಏನನ್ನು ಕಳೆದುಕೊಂಡೆವೆಂದು ಕೇಳುವವರು ಮಾತ್ರ ಕಡಿಮೆ.

ತಾಯಿ-ಮಗಳು ಕೊನೆಗೆ ಒಯ್ದದ್ದು ಮೂರನೆಯದನ್ನು. ಒಂದೂವರೆ ಕಿಲೋದ ಆಸುಪಾಸು, ರ‍್ಯಾಮ್ ಹಾಕಲು ಖಾಲಿ ಸ್ಲಾಟ್, ಎಚ್‌ಡಿಎಂಐ ಕಿಂಡಿ. ಬಣ್ಣ ಮಗಳು ಆರಿಸಿದ ನೀಲಿ. ತಾಯಿ ಕೇಳಿದ ಕೊನೆಯ ಪ್ರಶ್ನೆ ಬಹಳ ತೂಕದ್ದು: "ಕೆಟ್ರೆ ತುಮಕೂರಲ್ಲೇ ಮಾಡಿಕೊಡ್ತಾರಾ ಸರ್, ಇಲ್ಲಿಗೇ ಬರಬೇಕಾ?"

ಈಗ ಮೆಟ್ಟಿಲು ಹತ್ತಿ ಮೇಲಿನ ದೀಪದ ಹತ್ತಿರ ಹೋಗೋಣ. ರಿಪೇರಿ ಮೇಜಿನ ಮುಂದೆ ಕೂತವರು ನಡುವಯಸ್ಸಿನವರು. ಬೆರಳ ತುದಿಗಳು ಬಿಸಿಗಾಳಿಗೆ ಒರಟಾಗಿವೆ. ಕೈಯಲ್ಲಿರುವುದು ಎರಡೂ ಅಂಚುಗಳಲ್ಲಿ ಜಲಪಾತದಂತೆ ಇಳಿಯುವ ಬಾಗಿದ ಪರದೆಯ ಫೋನು. ಕಪಾಟಿನಲ್ಲಿ ಇದಕ್ಕಿಂತ ಸೊಗಸಾದದ್ದು ಇನ್ನೊಂದಿರಲಿಕ್ಕಿಲ್ಲ. ಇಲ್ಲಿ ಅದರ ಒಂದು ಮೂಲೆಯಿಂದ ಹಸಿರು ಗೆರೆಯೊಂದು ಮೇಲಿನಿಂದ ಕೆಳಗೆ ಇಳಿದಿದೆ. ಸಾಧಾರಣ ಚಪ್ಪಟೆ ಪರದೆಗೆ ಅಂಟಿಸುವ ಟೆಂಪರ್ಡ್ ಗ್ಲಾಸ್ ಇದರ ಬಾಗಿಗೆ ಕೂರುವುದಿಲ್ಲ. ಅದಕ್ಕೆ ಪ್ರತ್ಯೇಕ ಅಂಟು ಹನಿಸಿ, ನೇರಳಾತೀತ ದೀಪದ ಕೆಳಗೆ ಒಣಗಿಸಬೇಕು. ಆ ತ್ರಾಸ ಬೇಡವೆಂದು ಹಾಗೇ ಬಿಟ್ಟವರ ಫೋನು ಅಂಚಿನ ಮೇಲೆ ಬಿದ್ದರೆ ಗಾಜಿಗೂ ನೆಲಕ್ಕೂ ನಡುವೆ ಏನೂ ಇರುವುದಿಲ್ಲ.

"ಡಿಸ್‌ಪ್ಲೇ ರೇಟ್ ಹೇಳಿದ್ರೆ ಫೋನ್ ಇಲ್ಲೇ ಬಿಟ್ಟು ಹೋಗ್ತೀನಿ ಅಂತಾರೆ ಸರ್," ಎನ್ನುತ್ತಾರೆ ಅವರು, ತಲೆಯೆತ್ತದೆ. "ಎರಡು ವರ್ಷದ ಫೋನು. ಈಗ ಮಾರಿದ್ರೆ ಬರೋ ದುಡ್ಡಿಗಿಂತ ಡಿಸ್‌ಪ್ಲೇನೇ ಜಾಸ್ತಿ. ತಗೊಳ್ಳೋವಾಗ ಯಾರೂ ಕೇಳಲ್ಲ."

ಬೆನ್ನಿನ ಗಾಜಿನ ಕತೆಯೂ ಅಷ್ಟೇ. ವೈರ್ ಇಲ್ಲದೆ ಚಾರ್ಜ್ ಆಗಬೇಕಾದರೆ ಬೆನ್ನು ಲೋಹದ್ದಾಗಿರಬಾರದು, ಲೋಹ ಚಾರ್ಜರಿನ ಕಾಂತಕ್ಷೇತ್ರವನ್ನು ತಡೆಯುತ್ತದೆ. ಆದ್ದರಿಂದ ದುಬಾರಿ ಫೋನುಗಳು ಗಾಜಿನ ಬೆನ್ನಿಗೆ ಬಂದವು. ಆಮೇಲೆ ವೈರ್‌ಲೆಸ್ ಚಾರ್ಜಿಂಗ್ ಇಲ್ಲದ ಅಗ್ಗದ ಫೋನುಗಳೂ ನೋಟಕ್ಕಾಗಿಯೇ ಗಾಜನ್ನು ಹೊದ್ದವು. ಕಾರಣ ಹೋಯಿತು, ವೇಷ ಉಳಿಯಿತು. ಅದು ಒಡೆಯದಿರಲೆಂದು ಕೊಂಡ ದಿನವೇ ಪಾರದರ್ಶಕ ಪೌಚು ಹಾಕುತ್ತೇವೆ. ಬಿಸಿಲಿಗೂ ಕೈಯ ಜಿಡ್ಡಿಗೂ ಆ ಪೌಚು ಕೆಲವೇ ತಿಂಗಳಲ್ಲಿ ಹಳದಿಯಾಗುತ್ತದೆ. ಮುತ್ತಿನ ಬಿಳುಪಿಗೆಂದು ಹೆಚ್ಚು ಕೊಟ್ಟವರು ಉಳಿದ ವರ್ಷಗಳೆಲ್ಲ ನೋಡುವುದು ಆ ಹಳದಿಯನ್ನು.

ಮೇಜಿನ ಇನ್ನೊಂದು ಬದಿಯಲ್ಲಿ ಮಡಚುವ ಫೋನೊಂದು ಅರ್ಧ ತೆರೆದು ನಿಂತಿದೆ. ಹಿಂಜಿನಲ್ಲಿ ಧೂಳು ಸೇರಿದೆ. ಕಲ್ಲು ಕ್ವಾರಿಯ ಮಾಲೀಕರೊಬ್ಬರದಂತೆ. ಮದುವೆ ಸೀರೆಯುಟ್ಟು ಗದ್ದೆಗಿಳಿದ ಹಾಗಾಗಿದೆ ಅದರ ಪಾಡು. ತಪ್ಪು ಸೀರೆಯದ್ದೂ ಅಲ್ಲ, ಗದ್ದೆಯದ್ದೂ ಅಲ್ಲ. ಧೂಳು, ನೀರು ತಡೆಯುವ ಶಕ್ತಿಯನ್ನು ಪೆಟ್ಟಿಗೆಯ ಮೇಲೆ ಐಪಿ ಅಂಕಿಯಲ್ಲಿ ಬರೆದಿರುತ್ತಾರೆ. ಎರಡಂಕಿಯಲ್ಲಿ ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಐಪಿ67 ಎಂದರೆ ಧೂಳು ಒಳನುಗ್ಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆದೀತು ಎಂದು. ಜನರು ಕೇಳುವುದು ಎರಡನೆಯ ಅಂಕಿಯನ್ನು ಮಾತ್ರ. ಬಳ್ಳಾರಿಯ, ಕೋಲಾರದ ಗಣಿ-ಕ್ವಾರಿಗಳ ಸುತ್ತ ಬದುಕುವವರಿಗೆ ಮೊದಲನೆಯದೇ ಮುಖ್ಯ. ಆಗುಂಬೆಯ ಮಳೆಗೆ ಎರಡನೆಯದು ಬೇಕು ನಿಜ. ಆದರೆ ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಶುದ್ಧ ನೀರಿನಲ್ಲಿ, ಹೊಸ ಫೋನಿನ ಮೇಲೆ. ನೀರು ಹೊಕ್ಕು ಕೆಟ್ಟರೆ ವಾರಂಟಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಮ್ಮೆ ಬಿಚ್ಚಿ ಮುಚ್ಚಿದ ಮೇಲೆ ಮೊದಲಿನ ಬಿಗಿಯೂ ಇರುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೆಳಗೆ ಡೆಲಿವರಿ ಹುಡುಗರ ಬೈಕುಗಳು ಬಂದು ನಿಲ್ಲುತ್ತವೆ. ನಗರದಲ್ಲಿ ಫೋನನ್ನು ಅತ್ಯಂತ ಕಠಿಣವಾಗಿ ದುಡಿಸಿಕೊಳ್ಳುವವರು ಇವರು. ಇಡೀ ದಿನ ಪರದೆ ಹೊತ್ತಿರಬೇಕು, ನಕ್ಷೆ ಓಡುತ್ತಿರಬೇಕು, ಮೇಲೆ ಬಿಸಿಲು. ಇವರು ಕೊಳ್ಳುವಾಗ ಕ್ಯಾಮೆರಾ ಎಷ್ಟು ಎಂದು ಕೇಳುವುದಿಲ್ಲ. "ಬಿಸಿಲಲ್ಲಿ ಕಾಣುತ್ತಾ ಅಣ್ಣಾ?" ಎಂದು ಕೇಳಿ, ಫೋನು ಹಿಡಿದು ಬೀದಿಗೇ ಇಳಿದು ನೋಡುತ್ತಾರೆ. ಕಿವಿಗೆ ಇಯರ್‌ಬಡ್ಸ್ ಅಲ್ಲ, ಕುತ್ತಿಗೆಗೆ ತೂಗುವ ನೆಕ್‌ಬ್ಯಾಂಡ್. ಹೆಲ್ಮೆಟ್ ತೆಗೆಯುವಾಗ ಬಡ್ಸ್ ಉದುರಿ ಮೋರಿ ಸೇರಿದರೆ ಒಂದು ದಿನದ ದುಡಿಮೆ ಹೋದಂತೆ. 2016ರಲ್ಲಿ ಐಫೋನ್ 7 ಹೆಡ್‌ಫೋನಿನ ದುಂಡು ಕಿಂಡಿಯನ್ನು ಮುಚ್ಚಿದ ಮೇಲೆ ಉಳಿದ ಕಂಪನಿಗಳೂ ಒಂದೊಂದಾಗಿ ಮುಚ್ಚಿದವು. ಅಲ್ಲಿಂದ ಬೆಳೆದ ಬಡ್ಸ್‌ಗಳ ಬ್ಯಾಟರಿ ಕಡಲೆಕಾಳಿಗಿಂತ ಹೆಚ್ಚು ದೊಡ್ಡದಲ್ಲ. ಸವೆದರೆ ಬದಲಿಸುವ ದಾರಿಯೂ ಬಹುತೇಕ ಇಲ್ಲ. ಇನ್ನೊಂದು ಮಾತು ಈ ಹುಡುಗರಿಗೆ ಯಾರಾದರೂ ಹೇಳಬೇಕು. ಜೋರಾಗಿ ಅದುರುವ ಬೈಕ್ ಎಂಜಿನ್ನಿನ ಕಂಪನದಿಂದ ಕ್ಯಾಮೆರಾದೊಳಗಿನ ಸ್ಥಿರತೆಯ ವ್ಯವಸ್ಥೆ ಕೆಡಬಹುದು ಎಂದು 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು. ಹ್ಯಾಂಡಲ್ಲಿಗೆ ಸಿಕ್ಕಿಸುವುದಾದರೆ ಕಂಪನ ತಡೆಯುವ ರಬ್ಬರಿನ ಹಿಡಿಕೆಯೇ ಇರಲಿ.

ಅದೇ ಸಾಲಿನಲ್ಲಿ ಪವರ್ ಬ್ಯಾಂಕುಗಳು. ಲೋಹದ ಹೊಳಪಿನ ತೆಳು ಹಲಗೆಗಳು ಒಂದೆಡೆ, ಮಾಸಲು ಪ್ಲಾಸ್ಟಿಕ್ಕಿನ ಇಟ್ಟಿಗೆಗಳು ಇನ್ನೊಂದೆಡೆ. ಎರಡರ ಮೇಲೂ 10,000 ಎಂಎಎಚ್ ಎಂದೇ ದೊಡ್ಡಕ್ಷರ. ಬೆನ್ನು ತಿರುಗಿಸಿದರೆ ಸಣ್ಣಕ್ಷರದಲ್ಲಿ ಇನ್ನೊಂದು ಅಂಕಿ ಇರುತ್ತದೆ, ಸುಮಾರು 6,000. ಒಳಗಿನ ಕೋಶದ 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುವಾಗ ಎಂಎಎಚ್ ತಗ್ಗುತ್ತದೆ, ಜೊತೆಗೆ ಒಂದಿಷ್ಟು ಶಾಖವಾಗಿ ಹೋಗುತ್ತದೆ. ಹಾಗಾಗಿ 5,000 ಎಂಎಎಚ್ ಬ್ಯಾಟರಿಯ ಫೋನನ್ನು ಅದು ಒಂದೂವರೆ ಬಾರಿ ತುಂಬಿಸಿದರೆ ಹೆಚ್ಚು. ಆ ಸಣ್ಣಕ್ಷರ ಎಲ್ಲಿ ಮುದ್ರಿಸಿಲ್ಲವೋ ಅದನ್ನು ಮುಟ್ಟಬಾರದು, ಎಷ್ಟೇ ಹೊಳೆಯಲಿ.

ಒಂದು ಮೂಲೆಯಲ್ಲಿ ಹಳೆಯ ಫೋನುಗಳ ಬುಟ್ಟಿಯಿದೆ. ಕೆದಕಿದರೆ ನೋಕಿಯಾ 1100 ಕೈಗೆ ಬರುತ್ತದೆ. 2003ರಲ್ಲಿ ಬಂದದ್ದು, 86 ಗ್ರಾಂ ತೂಕ. ಭಾರತದಂಥ ದೇಶಗಳ ಬಿಸಿಲು, ಧೂಳು, ಕರೆಂಟು ಹೋಗುವ ರಾತ್ರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಧೂಳು ಹೊಗದಂತೆ ಇಡಿಯಾದ ರಬ್ಬರಿನ ಕೀಪ್ಯಾಡ್, ಬೆವರಿದ ಕೈಯಿಂದ ಜಾರದಂತೆ ಒರಟು ಬದಿ, ತಲೆಯ ಮೇಲೊಂದು ಟಾರ್ಚ್. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ನಡುರಾತ್ರಿ ಬರುತ್ತಿದ್ದ ನಮ್ಮ ಊರುಗಳಲ್ಲಿ, ಹಾವು-ಹುಳದ ಬದುವಿನ ಮೇಲೆ ಆ ಟಾರ್ಚು ಹಿಡಿದು ಹೋಗಿ ಸ್ಟಾರ್ಟರ್ ಒತ್ತಿ ಬಂದ ರೈತರು ಎಷ್ಟೋ ಮಂದಿ. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು ಅದು. ಮಾರನೆಯ ವರ್ಷವೇ, 2004ರಲ್ಲಿ, ಅದೇ ಕಂಪನಿ 7280 ಎಂಬ ಇನ್ನೊಂದು ಫೋನು ತಂದಿತು. ಲಿಪ್‌ಸ್ಟಿಕ್ಕಿನ ಆಕಾರ, ಆರಿಸಿದಾಗ ಕನ್ನಡಿಯಾಗುವ ಪರದೆ. ಅಂಕಿಗಳ ಕೀಲಿಯೇ ಇಲ್ಲ. ಒಂದೊಂದು ಅಂಕಿಯನ್ನೂ ಚಕ್ರ ತಿರುಗಿಸಿ ಹುಡುಕಬೇಕಿತ್ತು. ನೋಡಲು ಇಂದಿಗೂ ಅದು ಅಪೂರ್ವ. ಕರೆ ಮಾಡಬೇಕಾದ ವಸ್ತುವಿಗೆ ಕರೆ ಮಾಡುವುದೇ ಕಷ್ಟವಾಗಿತ್ತು.

ಉಪಯೋಗವೊಂದಿದ್ದರೆ ಸಾಕೇ ಎಂದರೆ, ಅದಕ್ಕೂ ಬೆಂಗಳೂರೇ ಉತ್ತರ ಕೊಟ್ಟಿದೆ. ಹೊಸ ಶತಮಾನದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮೊದಲಾದ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದರು. ಓದು ಬಾರದವರಿಗೆ ಕನ್ನಡದಂಥ ಭಾಷೆಗಳಲ್ಲಿ ಓದಿ ಹೇಳಬೇಕು, ಒಂದೇ ಯಂತ್ರವನ್ನು ಊರಿನ ಹಲವರು ತಂತಮ್ಮ ಸ್ಮಾರ್ಟ್‌ಕಾರ್ಡ್ ಹಾಕಿ ಹಂಚಿಕೊಳ್ಳಬೇಕು ಎಂಬುದು ಅವರ ಕನಸು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ಅಮಿಡ ಎಂಬ ಹೆಸರಿನಲ್ಲಿ ತಯಾರಿಸಿತು. ಕೈಯ ಚಲನೆಯನ್ನು ಗುರುತಿಸುವ ಸಂವೇದಕ ಅದರಲ್ಲಿತ್ತು, ಐಫೋನ್ ಬರುವುದಕ್ಕೂ ಮೂರು ವರ್ಷ ಮೊದಲು. ಆದರೂ ಅದು ಜನರ ಕೈ ಸೇರಲಿಲ್ಲ. ಹತ್ತು ಸಾವಿರದ ಆಸುಪಾಸಿನ ಬೆಲೆ ಹಳ್ಳಿಗೆ ಭಾರವಾಯಿತು, ಮೊಬೈಲ್ ಅಗ್ಗವಾಯಿತು. ಇದರ ಜೊತೆ ನನಗನ್ನಿಸುವ ಇನ್ನೊಂದು ಕಾರಣವಿದೆ. ಅದನ್ನು ಕಂಡು, ಇದು ನನಗೆ ಬೇಕು ಎಂದು ಯಾರಿಗೂ ಆಸೆ ಹುಟ್ಟಲಿಲ್ಲ. ಅಷ್ಟು ಒಳ್ಳೆಯ ಬುದ್ಧಿ, ಅಷ್ಟು ಕಳಕಳಿ ಇದ್ದ ಯಂತ್ರ ಆಸೆಯನ್ನು ಗೆಲ್ಲಲಾಗದೆ ಹೋದದ್ದು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಈಗ ತೆಳುವಿನ ಓಟ ಮತ್ತೆ ಶುರುವಾಗಿದೆ. 2025ರಲ್ಲಿ ಸ್ಯಾಮ್‌ಸಂಗ್ 5.8 ಮಿಲಿಮೀಟರಿನ ಎಸ್25 ಎಡ್ಜ್ ತಂದಿತು, ಕೆಲವೇ ತಿಂಗಳಲ್ಲಿ ಆಪಲ್ 5.6 ಮಿಲಿಮೀಟರಿನ ಐಫೋನ್ ಏರ್ ತಂದಿತು. ಸ್ಯಾಮ್‌ಸಂಗಿನದ್ದರಲ್ಲಿ ಬ್ಯಾಟರಿ 3,900 ಎಂಎಎಚ್, ಆಪಲಿನದ್ದರಲ್ಲಿ ಹಿಂಬದಿಯ ಕ್ಯಾಮೆರಾ ಒಂದೇ. ಅವುಗಳ ಐದನೇ ಒಂದು ಪಾಲು ಬೆಲೆಗೆ ಸಿಗುವ ಫೋನುಗಳಲ್ಲೂ 5,000 ಎಂಎಎಚ್ ಈಗ ಸಾಮಾನ್ಯ. ಮೇಜಿನ ಪ್ಲಗ್ಗಿನ ಪಕ್ಕದಲ್ಲೇ ದಿನ ಕಳೆಯುವವರಿಗೆ ಆ ತೆಳು ನಿಜವಾದ ಸುಖ ಕೊಟ್ಟೀತು. ಬೆಳಿಗ್ಗೆ ಆರಕ್ಕೆ ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವವರಿಗೆ ಅದು ಆಗಿಬರುವುದಿಲ್ಲ. ಬ್ಯಾಟರಿ ಹಳತಾಗಿ ಒಳಗೆ ಅನಿಲ ತುಂಬಿ ಉಬ್ಬಿದಾಗ ತೆಳ್ಳಗಿನ ಫೋನಿನಲ್ಲಿ ಅದಕ್ಕೆ ಹಿಗ್ಗಲು ಜಾಗವೂ ಇರುವುದಿಲ್ಲ. ನೇರ ಪರದೆಯನ್ನೇ ಎತ್ತಿಬಿಡುತ್ತದೆ. ಮೇಲಿನ ಗೋಡೆಗೆ ತೂಗುಬಿದ್ದ ಕವರುಗಳಲ್ಲಿ ಅಂಥವು ಬಹಳ ಇವೆ.

ಸಂಜೆ ನಾಲ್ಕರ ಸುಮಾರಿಗೆ ಮೆಟ್ಟಿಲು ಹತ್ತಿ ಬಂದ ರೈತರೊಬ್ಬರು ಟವೆಲ್ಲಿನಲ್ಲಿ ಸುತ್ತಿದ್ದ ಫೋನು ಬಿಚ್ಚಿ ಮೇಜಿನ ಮೇಲಿಡುತ್ತಾರೆ. "ನೋಡಪ್ಪಾ, ಚಾರ್ಜೇ ಆಗ್ತಾ ಇಲ್ಲ." ರಿಪೇರಿಯವರು ಚಾರ್ಜಿಂಗ್ ಕಿಂಡಿಯೊಳಗಿಂದ ಟ್ವೀಜರಿನ ತುದಿಯಲ್ಲಿ ಹತ್ತಿಯ ನೂಲು, ಜೇಬಿನ ಕಸ ಎಳೆದು ತೆಗೆಯುತ್ತಾರೆ. ಫೋನು ಮಿಣುಕಿ ಎಚ್ಚರಗೊಳ್ಳುತ್ತದೆ. "ಏನೂ ಆಗಿಲ್ಲ ಯಜಮಾನ್ರೇ, ಕಸ ಅಷ್ಟೇ." ದುಡ್ಡು ತೆಗೆದುಕೊಳ್ಳುವುದಿಲ್ಲ. ಹೊರಡುವ ಮುನ್ನ ರೈತರು ಕೇಳುತ್ತಾರೆ, ಮಗನಿಗೆ ಹೊಸದು ಕೊಡಿಸಬೇಕು, ಯಾವುದು ತಗೊಳ್ಳಲಿ. ರಿಪೇರಿಯವರು ಹೆಸರು ಹೇಳುವುದಿಲ್ಲ. ಬೆನ್ನು ಪ್ಲಾಸ್ಟಿಕ್ಕಿನದಿರಲಿ, ಪರದೆ ಚಪ್ಪಟೆಯಿರಲಿ, ನಿಮ್ಮೂರ ಹತ್ತಿರದ ಪೇಟೆಯಲ್ಲಿ ಬಿಡಿಭಾಗ ಸಿಗುವಂಥದ್ದಿರಲಿ, ಬಣ್ಣ ಮಾತ್ರ ಮಗನನ್ನೇ ಕೇಳಿ ಎನ್ನುತ್ತಾರೆ. ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಯುರೋಪಿನಲ್ಲಿ 2025ರ ಜೂನ್‌ನಿಂದ ಹೊಸ ಫೋನುಗಳ ಲೇಬಲ್ಲಿನ ಮೇಲೆ ರಿಪೇರಿಗೆ ಎಷ್ಟು ಸುಲಭ ಎಂಬ ದರ್ಜೆಯನ್ನು ಮುದ್ರಿಸುವುದು ಕಡ್ಡಾಯವಾಗಿದೆ. ನಮ್ಮಲ್ಲೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಆದರೆ ಅಂಗಡಿಯ ಕಪಾಟಿನಲ್ಲಿ ಬೆಲೆಚೀಟಿಯ ಪಕ್ಕ ಇನ್ನೂ ಅಂಥ ದರ್ಜೆ ಕಾಣುವುದಿಲ್ಲ. ಅದು ಬರುವ ತನಕ ಕೆಲಸ ನಮ್ಮದೇ. ನೀವು ಮುಂದಿನ ಬಾರಿ ಫೋನೋ ಲ್ಯಾಪ್‌ಟಾಪೋ ಕೊಳ್ಳಲು ಹೊರಟಾಗ, ಮೆಚ್ಚಿದ್ದನ್ನು ಕೈಗೆತ್ತಿಕೊಂಡು ಅಂಗಡಿಯ ಹೊರಗೆ ಬಿಸಿಲಿಗೆ ಬನ್ನಿ, ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳು ಪರದೆಯ ಮೇಲಂಚನ್ನು ಮುಟ್ಟುತ್ತದೆಯೇ ನೋಡಿ. ಆಮೇಲೆ ಒಳಗೆ ಹೋಗಿ, ಫೋನಿನ ಬೆಲೆ ಕೇಳುವುದಕ್ಕೂ ಮೊದಲು ಅದರ ಡಿಸ್‌ಪ್ಲೇ ಮತ್ತು ಬ್ಯಾಟರಿಯ ಬೆಲೆ ಕೇಳಿ. ಉತ್ತರ ಹೇಳದ ಅಂಗಡಿಯಲ್ಲಿ ಕೊಳ್ಳಬೇಡಿ.